ಕಥೆ ಬರೆಯುವ ಮೊದಲು ಓದುಗರ ವಯಸ್ಸು ಗೊತ್ತುಮಾಡಿಕೊಳ್ಳುವುದು ಹೇಗೆ?

‘ಯಾವ ವಯಸ್ಸಿನವರಿಗೆ ಬರೆದಿದ್ದೀರಿ?’ ಎಂದು ಕೇಳಿದರೆ ಹೊಸಬರಲ್ಲಿ ಹೆಚ್ಚಿನವರು ಕೊಡುವ ಉತ್ತರ ‘ಎಲ್ಲರೂ ಓದಬಹುದು’. ಹಸ್ತಪ್ರತಿ ವಾಪಸ್ ಬರುವುದು ಬಹಳ ಸಲ ಈ ಉತ್ತರದಿಂದಲೇ. ಕಥೆ ಚೆನ್ನಾಗಿಯೇ ಇರುತ್ತದೆ. ಆದರೆ ನಾಯಕನಿಗೆ ಏಳು ವರ್ಷ, ಭಾಷೆ ಪಿಯುಸಿ ಹುಡುಗರದ್ದು, ಚಿಂತೆ ಮಾತ್ರ ನಲವತ್ತು ದಾಟಿದವರದ್ದು. ಅದನ್ನು ಯಾರ ಕೈಗೆ ಕೊಡಬೇಕು ಅಂತ ಪ್ರಕಾಶಕರಿಗೂ ಗೊತ್ತಾಗುವುದಿಲ್ಲ.

ವಯಸ್ಸನ್ನು ಪುಸ್ತಕ ಮುಗಿದ ಮೇಲೆ ಹಿಂಬದಿಯಲ್ಲಿ ಅಂಟಿಸೋಕೆ ಆಗುವುದಿಲ್ಲ. ಹಾಗಂತ ಒಂದು ಸಾಲೂ ಬರೆಯದೆ ‘ನಾನು ಮಕ್ಕಳ ಸಾಹಿತಿ ಆಗ್ತೀನಿ’ ಎಂದು ಹೊರಡುವುದೂ ಕೆಲಸಕ್ಕೆ ಬಾರದು. ಕಥೆಯ ಎಳೆ ಸಿಕ್ಕ ಮೇಲೆ, ಎರಡನೇ ಅಧ್ಯಾಯಕ್ಕೆ ಕೈಹಾಕುವ ಮುಂಚೆ ಇದನ್ನು ತೀರ್ಮಾನ ಮಾಡಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ತುಂಬ ಜನ ಐದನೆಯದರಿಂದ ಶುರು ಮಾಡಿ ಎಡವುತ್ತಾರೆ.

## ಮೊದಲು ಇಷ್ಟು ಜೋಡಿಸಿಕೊಳ್ಳಿ

ಒಂದು ನೋಟ್‌ಬುಕ್ಕು. ದನಿ ರೆಕಾರ್ಡ್ ಮಾಡುವ ಫೋನು. ಕರ್ನಾಟಕ ಪಠ್ಯಪುಸ್ತಕ ಸಂಘದ ಕನ್ನಡ ಪುಸ್ತಕಗಳು: ಎರಡನೇ, ಐದನೇ, ಎಂಟನೇ ತರಗತಿಯವು ಸಾಕು, ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಎಂಟನೇ ತರಗತಿಯದ್ದು ಮಾತ್ರ ಎರಡು ಇಟ್ಟುಕೊಳ್ಳಿ: ಪ್ರಥಮ ಭಾಷೆಯ ‘ಸಿರಿ ಕನ್ನಡ’, ದ್ವಿತೀಯ ಭಾಷೆಯ ‘ತಿಳಿ ಕನ್ನಡ’. ಯಾಕೆ ಅನ್ನುವುದು ಮೂರನೇ ಹಂತದಲ್ಲಿ ಗೊತ್ತಾಗುತ್ತದೆ. ಇವುಗಳ ಜೊತೆಗೆ ನಿಮ್ಮ ಸ್ವಂತದ್ದಲ್ಲದ ಮೂರ್ನಾಲ್ಕು ಮಕ್ಕಳು ಬೇಕು. ಸ್ವಂತ ಮಕ್ಕಳು ಅಪ್ಪ ಅಮ್ಮನ ಮುಖ ನೋಡಿ ಚೆನ್ನಾಗಿದೆ ಅಂದುಬಿಡುತ್ತಾರೆ.

## ಹಂತ 1: ಕಥೆಯ ಗಂಟನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

‘ಯಾರಿಗೆ ಏನು ಬೇಕು, ಅಡ್ಡ ಬಂದದ್ದೇನು’ ಅನ್ನುವುದಷ್ಟೇ ಬೇಕು. ಆಶಯ, ಸಂದೇಶ, ನೀತಿ ಯಾವುದೂ ಬೇಡ. ಉದಾಹರಣೆಗೆ ಒಂದು ಎಳೆ ತಗೊಳ್ಳೋಣ: ಸುಮಾಳ ಮನೆಯ ಎಮ್ಮೆ ಚಂದ್ರಿಯನ್ನು ಅಪ್ಪ ಮಂಗಳವಾರದ ಸಂತೆಯಲ್ಲಿ ಮಾರಬೇಕೆಂದಿದ್ದಾನೆ, ಸುಮಾಗೆ ಅದು ಬೇಡ.

‘ಇದು ಮನುಷ್ಯ ಮತ್ತು ಪ್ರಾಣಿಗಳ ಸಂಬಂಧದ ಬಗ್ಗೆ’ ಎಂದು ಬರೆದಿದ್ದರೆ ಹೊಡೆದುಹಾಕಿ. ಅದು ಗಂಟಲ್ಲ, ವಿಷಯ. ವಿಷಯಕ್ಕೆ ವಯಸ್ಸಿಲ್ಲ, ಗಂಟಿಗೆ ಇದೆ. ಸಾವು, ಬಡತನ, ಜಾತಿ, ಜಗಳ ಯಾವುದನ್ನೂ ‘ಮಕ್ಕಳಿಗಲ್ಲ’ ಎಂದು ಈಗಲೇ ತೆಗೆಯಬೇಡಿ. ಮಕ್ಕಳು ಇದನ್ನೆಲ್ಲ ಮನೆಯಲ್ಲೇ ನೋಡಿರುತ್ತಾರೆ.

## ಹಂತ 2: ಈ ಗಂಟು ಯಾವ ವಯಸ್ಸಿನವರ ತಲೆನೋವು ಎಂದು ಪರೀಕ್ಷಿಸಿ

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಕೊಡಬೇಕಾದದ್ದು ಇಲ್ಲಿ. ಹೆಚ್ಚಿನವರು ನಾಯಕನ ವಯಸ್ಸು ನೋಡಿ ಓದುಗರ ವಯಸ್ಸು ಹೇಳುತ್ತಾರೆ. ಅದು ಸಾಲದು. ಹತ್ತು ವರ್ಷದ ಹುಡುಗಿಯ ಕಥೆ ದೊಡ್ಡವರದ್ದೂ ಆಗಿರಬಹುದು. ನೀವು ಕೇಳಬೇಕಾದ ಪ್ರಶ್ನೆ ಇದು: ಕಥೆಯ ಕೊನೆಯಲ್ಲಿ ಒಂದು ತೀರ್ಮಾನ ಆಗುತ್ತದಲ್ಲ, ಅದರ ಭಾರ ಯಾರ ಮೇಲೆ ಬೀಳುತ್ತದೆ?

ಸುಮಾ ಮತ್ತು ಚಂದ್ರಿಯ ಎಳೆಯನ್ನೇ ನಾಲ್ಕು ಥರ ಬರೆದು ನೋಡಿ.

ಐದು ವರ್ಷದವರಿಗೆ:

> ಚಂದ್ರಿ ಎಲ್ಲಿ? ಕೊಟ್ಟಿಗೆಯಲ್ಲಿ ಇಲ್ಲ. ಕೆರೆಯಲ್ಲಿ ಇಲ್ಲ. ಬಣವೆ ಹಿಂದೆ? ಅಲ್ಲೂ ಇಲ್ಲ. ಟಿಣ್ ಟಿಣ್! ಅದು ಯಾರ ಗಂಟೆ?

ಇಲ್ಲಿ ಮಾರುವ ಮಾತೇ ಹೋಯಿತು. ಉಳಿದದ್ದು ಕಳೆದುಹೋಗುವುದು, ಹುಡುಕುವುದು, ಸಿಗುವುದು. ಐದು ವರ್ಷದ ಮಗುವಿಗೆ ಅದೇ ದೊಡ್ಡ ಸಂಗತಿ.

ಒಂಬತ್ತು ಹತ್ತರವರಿಗೆ:

> ಸಂತೆ ಮಂಗಳವಾರ. ಇವತ್ತು ಭಾನುವಾರ. ಸುಮಾ ಚಂದ್ರಿಯ ಹಗ್ಗ ಬಿಚ್ಚಿ ಅಟ್ಟದ ಮೇಲೆ ಬಚ್ಚಿಟ್ಟಳು. ಹಗ್ಗವೇ ಇಲ್ಲದಿದ್ದರೆ ಸಂತೆಗೆ ಹೇಗೆ ಕರೆದುಕೊಂಡು ಹೋಗ್ತಾರೆ? ಅಪ್ಪ ಬಾವಿಯ ಹಗ್ಗ ತಂದ.

ಹುಡುಗಿ ಉಪಾಯ ಮಾಡುತ್ತಾಳೆ, ಸೋಲುತ್ತಾಳೆ, ಇನ್ನೊಂದು ಉಪಾಯ ಮಾಡುತ್ತಾಳೆ. ಈ ವಯಸ್ಸಿನವರಿಗೆ ಬೇಕಾದದ್ದು ಅದು. ದೊಡ್ಡವರು ಬಂದು ಬಿಡಿಸಿಕೊಟ್ಟರೆ ಪುಸ್ತಕ ಪಕ್ಕಕ್ಕಿಡುತ್ತಾರೆ.

ಹದಿನೈದರವರಿಗೆ:

> ಅಪ್ಪನ ಅಂಗಿ ಒಗೆಯಲು ಹಾಕುವಾಗ ಜೇಬಿನಲ್ಲಿ ರಸೀದಿ ಸಿಕ್ಕಿತು. ನನ್ನ ಕಾಲೇಜಿನ ಫೀಸು. ತಾರೀಖು ಬುಧವಾರದ್ದು. ಚಂದ್ರಿಯನ್ನು ಮಾರಿದ್ದು ಮಂಗಳವಾರ. ಯಾರೂ ನನಗೆ ಹೇಳಿರಲಿಲ್ಲ.

ಎಮ್ಮೆ ಆಗಲೇ ಹೋಗಿಯಾಗಿದೆ. ತನ್ನಿಂದ ಮನೆಯವರಿಗೆ ಎಷ್ಟು ಖರ್ಚಾಯಿತು, ಇನ್ನು ತಾನು ಹೇಗಿರಬೇಕು ಅನ್ನುವುದು ಈಗಿನ ಪ್ರಶ್ನೆ.

ದೊಡ್ಡವರಿಗೆ:

> ರಾಮಣ್ಣ ಒಳಗೆ ಹೋಗದೆ ಖಾಲಿ ಕೊಟ್ಟಿಗೆಯ ಮುಂದೆಯೇ ಬೀಡಿ ಹಚ್ಚಿ ಕೂತ. ಒಳಗೆ ಹೋದರೆ ಹೆಂಡತಿ ದುಡ್ಡಿನ ಲೆಕ್ಕ ಕೇಳುತ್ತಾಳೆ. ಮಗಳು ಏನೂ ಕೇಳುವುದಿಲ್ಲ. ಅವನಿಗೆ ಹೆದರಿಕೆ ಎರಡನೆಯದಕ್ಕೇ.

ಊರು ಅದೇ, ಮನೆ ಅದೇ, ಎಮ್ಮೆಯೂ ಅದೇ. ಆದರೆ ಭಾರ ಒಬ್ಬರಿಂದ ಇನ್ನೊಬ್ಬರಿಗೆ ದಾಟಿದೆ. ನಿಮ್ಮ ಎಳೆಯನ್ನೂ ಹೀಗೆ ನಾಲ್ಕೈದು ಸಾಲಿನಲ್ಲಿ ನಾಲ್ಕು ಸಲ ಬರೆಯಿರಿ. ಅರ್ಧ ದಿನದ ಕೆಲಸ. ಯಾವುದು ಬರೆಯುವಾಗ ಆರನೇ ಸಾಲು ತಾನಾಗಿ ಬಂತೋ ಅದರ ಪಕ್ಕ ಗುರುತು ಹಾಕಿ.

ಎಚ್ಚರಿಕೆ: ಮಕ್ಕಳ ರೂಪ ಬರೆಯುವಾಗ ಪದೇ ಪದೇ ‘ಆ ದಿನಗಳೇ ಚೆಂದ’ ಎಂಬ ದನಿ ಬರುತ್ತಿದ್ದರೆ ನೀವು ಬರೆಯುತ್ತಿರುವುದು ಬಾಲ್ಯದ ನೆನಪು, ಮಕ್ಕಳ ಕಥೆಯಲ್ಲ. ಕನ್ನಡದಲ್ಲಿ ಈ ಗೊಂದಲ ವಿಪರೀತ. ಬಾಲ್ಯದ ನೆನಪನ್ನು ದೊಡ್ಡವರು ಇಷ್ಟಪಟ್ಟು ಓದುತ್ತಾರೆ, ಬೇಕಾದರೆ ಅವರಿಗೇ ಬರೆಯಿರಿ. ಮಗುವಿಗೆ ತನ್ನ ಬಾಲ್ಯ ಕಳೆದುಹೋದದ್ದಲ್ಲ, ಈಗ ನಡೀತಿರೋದು.

## ಹಂತ 3: ಓದುವವರು ಯಾರು, ಓದಿ ಹೇಳುವವರು ಯಾರು?

ಇಂಗ್ಲಿಷಿನ ವಯೋಗುಂಪುಗಳ ಪಟ್ಟಿಯನ್ನು ಹಾಗೇ ಎತ್ತಿಕೊಂಡರೆ ಕೈಕೊಡುವುದು ಇಲ್ಲಿಯೇ. ಅಲ್ಲಿ 8ರಿಂದ 12ರವರಿಗೆ ‘ಮಿಡಲ್ ಗ್ರೇಡ್’, ಅದರ ಮೇಲೆ ‘ಯಂಗ್ ಅಡಲ್ಟ್’ ಎಂದು ಅಂಗಡಿಯಲ್ಲಿ ಬೇರೆ ಬೇರೆ ಕಪಾಟೇ ಇರುತ್ತದೆ. ಕನ್ನಡದಲ್ಲಿ ಮಗುವಿನ ವಯಸ್ಸು ಒಂದು, ಕನ್ನಡ ಓದುವ ವಯಸ್ಸು ಇನ್ನೊಂದು.

ಗ್ರಾಮೀಣ ಮಕ್ಕಳ ಓದನ್ನು ಅಳೆಯುವ ‘ಅಸರ್’ ಸಮೀಕ್ಷೆಗಳಲ್ಲಿ ಕರ್ನಾಟಕದ ಐದನೇ ತರಗತಿಯ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಎರಡನೇ ತರಗತಿಯ ಪಾಠ ಓದಲಾರದೆ ಹೋಗಿದ್ದಾರೆ. ಇನ್ನೊಂದು ಕಡೆ ಬೆಂಗಳೂರಿನ ಇಂಗ್ಲಿಷ್ ಮೀಡಿಯಂ ಹುಡುಗ. ಮನೆಯಲ್ಲಿ ಅರಳು ಹುರಿದಂತೆ ಕನ್ನಡ ಮಾತಾಡುತ್ತಾನೆ, ಹನ್ನೆರಡನೇ ವಯಸ್ಸಿಗೆ ದಪ್ಪ ದಪ್ಪ ಇಂಗ್ಲಿಷ್ ಕಾದಂಬರಿ ಓದುತ್ತಾನೆ, ಕನ್ನಡ ಪುಟ ಕೊಟ್ಟರೆ ಬೆರಳಿಟ್ಟು ಓದುತ್ತಾನೆ. ನ್ಯೂಜೆರ್ಸಿಯಲ್ಲೋ ದುಬೈಯಲ್ಲೋ ವಾರಕ್ಕೊಮ್ಮೆ ಕನ್ನಡ ಕಲಿಯುವ ಮಗುವಿನದ್ದೂ ಇದೇ ಕಥೆ. ಇವರಿಗೆಲ್ಲ ಹತ್ತು ಹನ್ನೆರಡರ ಬುದ್ಧಿಗೆ ಒಗ್ಗುವ ಕಥೆ ಬೇಕು, ಏಳೆಂಟರ ಅಕ್ಷರದಲ್ಲಿ. ‘ಸಿರಿ ಕನ್ನಡ’, ‘ತಿಳಿ ಕನ್ನಡ’ ಎರಡನ್ನೂ ಪಕ್ಕ ಪಕ್ಕ ಇಟ್ಟು ಒಂದೊಂದು ಗದ್ಯಪಾಠ ಓದಿ. ಒಂದೇ ತರಗತಿ, ಒಂದೇ ವಯಸ್ಸು. ಅಂತರ ಕಣ್ಣಿಗೆ ಹೊಡೆಯುತ್ತದೆ.

ಆದ್ದರಿಂದ ನೋಟ್‌ಬುಕ್ಕಿನಲ್ಲಿ ಒಂದಲ್ಲ, ಎರಡು ವಯಸ್ಸು ಬರೆದುಕೊಳ್ಳಿ. ಒಂದು ಕಥೆಯದ್ದು (ಎರಡನೇ ಹಂತದಲ್ಲಿ ಸಿಕ್ಕಿದ್ದು), ಇನ್ನೊಂದು ಅಕ್ಷರದ್ದು. ‘ಕಥೆ 11, ಅಕ್ಷರ 8’ ಎಂದು ಬರೆದುಕೊಂಡರೆ ತಪ್ಪೇನಿಲ್ಲ. ಬದಲಿಗೆ ‘ಕಥೆ 7, ಅಕ್ಷರ 14’ ಬಂದರೆ ಕಷ್ಟ. ಏಳು ವರ್ಷದ ಮಗುವಿಗೆ ಓದಲು ಬರುವುದಿಲ್ಲ, ಹದಿನಾಲ್ಕರವರಿಗೆ ಓದಬೇಕೆನಿಸುವುದಿಲ್ಲ. ಅಜ್ಜಿಯೋ ಅಮ್ಮನೋ ಓದಿ ಹೇಳುತ್ತಾರೆ ಎಂದು ನಂಬಿ ಬರೆಯುವುದಾದರೆ, ಗಟ್ಟಿಯಾಗಿ ಓದಿದಾಗ ಉಸಿರು ಕಟ್ಟದ ವಾಕ್ಯ ಬರೆಯಿರಿ.

ಅಕ್ಷರದ ವಯಸ್ಸು ತಗ್ಗಿಸುವುದು ಅಂದರೆ ಒತ್ತಕ್ಷರವನ್ನೇ ತೆಗೆಯುವುದಲ್ಲ. ಒತ್ತಿಲ್ಲದೆ ಅಮ್ಮ, ಅಪ್ಪ, ಅಜ್ಜಿ, ಅಣ್ಣ, ಹಕ್ಕಿ ಯಾರೂ ಕಥೆಯೊಳಗೆ ಬರೋಕೇ ಆಗಲ್ಲ! ಒಂದೇ ಅಕ್ಷರಕ್ಕೆ ಅದೇ ಒತ್ತು ಬರುವ ಪದಗಳು ಸುಲಭ. ‘ರಾಷ್ಟ್ರ’, ‘ವಸ್ತ್ರ’ದಂಥ ಮೂರು ವ್ಯಂಜನದ ಗಂಟುಗಳು, ‘ಸೂರ್ಯ’ದಂಥ ಅರ್ಕಾವತ್ತು ಕಷ್ಟ. ಅದಕ್ಕಿಂತ ದೊಡ್ಡ ತೊಡಕು ಪದದ ಉದ್ದ. ‘ಹೋಗಬೇಕಾಗಿತ್ತಂತೆ’ ನಿಮಗೆ ಒಂದು ಪದ, ಈಗಷ್ಟೇ ಓದಲು ಕಲಿತವರಿಗೆ ಅದೊಂದು ರೈಲು. ‘ಹೋಗಬೇಕಿತ್ತು ಅಂತೆ’ ಎಂದು ಬಿಡಿಸಿ ಬರೆದರೆ ಏನೂ ನಷ್ಟವಿಲ್ಲ.

## ಹಂತ 4: ಆ ವಯಸ್ಸಿನ ಅಳತೆ ನೋಡಿಕೊಳ್ಳಿ

ಮಕ್ಕಳ ಪುಸ್ತಕ ತರುವ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ನಾಲ್ಕು ಓದಿನ ಹಂತಗಳಿವೆ. ಮೊದಲನೆಯದು 250 ಪದದೊಳಗೆ, ಎರಡನೆಯದು 600ರವರೆಗೆ, ಮೂರನೆಯದು 1,500ರವರೆಗೆ, ನಾಲ್ಕನೆಯದು ಅದಕ್ಕೂ ಮೇಲೆ. ಹಿಡಿದು ನಡೆಯಲು ಒಳ್ಳೆಯ ಕೋಲು ಇದು. ಆದರೆ ಕನ್ನಡದಲ್ಲಿ ಪದ ಕಡಿಮೆ, ಒಂದೊಂದು ಪದದ ಉದ್ದ ಜಾಸ್ತಿ. ಮೇಲಿನ ಮಿತಿ ಮುಟ್ಟಲು ಹೋಗಬೇಡಿ.

3ರಿಂದ 6. ಚಿತ್ರಪುಸ್ತಕ. ಅರ್ಧ ಕಥೆಯನ್ನು ಚಿತ್ರವೇ ಹೇಳುತ್ತದೆ. ‘ಸುಮಾ ಕೆಂಪು ಲಂಗ ಹಾಕಿಕೊಂಡಿದ್ದಳು’ ಎಂದು ನೀವು ಬರೆಯಬೇಕಿಲ್ಲ. ಪಿನ್ ಹೊಡೆದು ಹೊಲಿಯುವ ಪುಸ್ತಕದ ಪುಟಗಳು ನಾಲ್ಕರ ಮಡಿಯಲ್ಲಿರಬೇಕು, ಸಾಮಾನ್ಯವಾಗಿ 16 ಅಥವಾ 24. ಹಾಳೆ ಮಡಚಿ ಸಣ್ಣ ಪುಸ್ತಕ ಮಾಡಿಕೊಂಡು ಅದರಲ್ಲೇ ಬರೆಯಿರಿ. ಪುಟ ತಿರುವುವ ಜಾಗದಲ್ಲಿ ಕುತೂಹಲ ಇದೆಯಾ ಅಂತ ತಕ್ಷಣ ಗೊತ್ತಾಗುತ್ತದೆ. ಚಿಕ್ಕದಲ್ವಾ, ಸುಲಭ ಅಂದುಕೊಂಡು ಇದನ್ನು ಆರಿಸಿಕೊಳ್ಳಬೇಡಿ. ಎಲ್ಲಕ್ಕಿಂತ ಕಷ್ಟ ಇದೇ.

6ರಿಂದ 8. ಸ್ವಂತ ಓದು ಶುರುವಾಗುವ ಕಾಲ. ಸರ್ಕಾರಿ ಶಾಲೆಯಲ್ಲಿ ಆಟವಾಡಿಸುತ್ತಾ ಕಲಿಸುವ ನಲಿ-ಕಲಿ ನಡೆಯುವುದೂ ಒಂದರಿಂದ ಮೂರನೇ ತರಗತಿಯವರೆಗೆ. ಒಂದು ಘಟನೆ, ಇಬ್ಬರು ಮೂವರು ಪಾತ್ರಗಳು, ಮತ್ತೆ ಮತ್ತೆ ಬರುವ ಒಂದು ಸಾಲು.

9ರಿಂದ 12. ಮಕ್ಕಳ ಕಾದಂಬರಿಗೆ ಹೇಳಿ ಮಾಡಿಸಿದ ವಯಸ್ಸು. ಗುಂಪು, ಪತ್ತೇದಾರಿ, ಪ್ರಯಾಣ, ಶಾಲೆ, ದೆವ್ವ ಏನು ಬೇಕಾದರೂ ನಡೆಯುತ್ತದೆ. ನಾಯಕನಿಗೆ ಓದುಗರಿಗಿಂತ ಒಂದೆರಡು ವರ್ಷ ಜಾಸ್ತಿ ಇರಲಿ. ಹತ್ತರ ಹುಡುಗರು ಎಂಟರವನ ಕಥೆ ಮುಟ್ಟುವುದಿಲ್ಲ. ಇದೇ ಮೊದಲ ಪುಸ್ತಕವಾದರೆ, ಎರಡನೇ ಹಂತದ ಗುರುತು ಎರಡು ಕಡೆ ಬಿದ್ದು ಗೊಂದಲವಾಗಿದ್ದರೆ, ಈ ಗುಂಪಿಗೇ ಬನ್ನಿ ಅಂತ ನಾನು ಹೇಳುತ್ತೇನೆ.

13ರಿಂದ 17. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಕನ್ನಡದಲ್ಲಿ ಹೈಸ್ಕೂಲು, ಪಿಯುಸಿ ಹುಡುಗರಿಗೆಂದೇ ಬರೆದ ಕಥೆಗಳು ಬಹಳ ಕಡಿಮೆ. ಮಕ್ಕಳ ಪುಸ್ತಕ ಬಿಟ್ಟವರು ನೇರವಾಗಿ ದೊಡ್ಡವರ ಕಾದಂಬರಿಗೆ ಹಾರುತ್ತಾರೆ, ಇಲ್ಲದಿದ್ದರೆ ಕನ್ನಡ ಓದುವುದನ್ನೇ ಬಿಡುತ್ತಾರೆ. ಜಾಗ ಖಾಲಿ ಇದೆ ನಿಜ, ಆದರೆ ಅಂಗಡಿಯಲ್ಲಿ ಅದಕ್ಕೊಂದು ಕಪಾಟೂ ಇಲ್ಲ. ಪುಸ್ತಕ ಮಕ್ಕಳ ಸಾಲಿಗೆ ಹೋದರೆ ಹದಿನೈದರವರು ಆ ಕಡೆ ತಲೆಹಾಕುವುದಿಲ್ಲ. ದೊಡ್ಡವರ ಸಾಲಿಗೆ ಹೋದರೆ ಕಳೆದೇ ಹೋಗುತ್ತದೆ. ಕೊಳ್ಳುವ ದುಡ್ಡು ಅಪ್ಪ ಅಮ್ಮನದ್ದು, ಅವರಿಗೆ ಎಸ್ಸೆಸ್ಸೆಲ್ಸಿ ಅಂಕದ ಚಿಂತೆ. ಪ್ರೇಮ, ಮೈ ಬದಲಾಗುವುದು, ಮನೆಯವರ ಮೇಲಿನ ಸಿಟ್ಟು ಇವನ್ನು ಬಿಟ್ಟರೆ ಕಥೆ ಸುಳ್ಳಾಗುತ್ತದೆ. ಇಟ್ಟರೆ ಶಾಲೆಯ ಲೈಬ್ರರಿ ಬಾಗಿಲು ಹಾಕಬಹುದು.

ಹಾಗಾದರೆ ಬರೆಯಬಾರದಾ? ಬರೆಯಲೇಬೇಕು. ಆದರೆ ಮೂರು ಷರತ್ತು ಇಟ್ಟುಕೊಳ್ಳಿ. ಕಥೆ ಆ ಹುಡುಗ ಅಥವಾ ಹುಡುಗಿಯ ಕಣ್ಣಿನಿಂದಲೇ ಸಾಗಲಿ. ಭಾಷೆ ಅವರು ನಿಜಕ್ಕೂ ಆಡುವಂತಿರಲಿ, ಆದರೆ ವಾಟ್ಸ್ಯಾಪ್ ಪದಗಳನ್ನು ಸುರಿಯಬೇಡಿ, ಅವು ಬೇಗ ಹಳಸುತ್ತವೆ. ಮುಖಪುಟದಲ್ಲಿ ‘ಮಕ್ಕಳ ಕಾದಂಬರಿ’ ಎಂದು ಹಾಕದಂತೆ ಪ್ರಕಾಶಕರ ಹತ್ತಿರ ಮೊದಲೇ ಮಾತಾಡಿಕೊಳ್ಳಿ.

ದೊಡ್ಡವರು. ಇದು ಬೇರೆಯೇ ಲೋಕ. ಒಂದೇ ಮಾತು: ‘ಮಕ್ಕಳಿಗೆ ಕಷ್ಟವಾಯಿತು, ಹಾಗಾಗಿ ದೊಡ್ಡವರಿಗೆ’ ಎಂದು ಇಲ್ಲಿಗೆ ತಳ್ಳಬೇಡಿ.

## ಹಂತ 5: ಒಂದು ಪೂರ್ತಿ ದೃಶ್ಯ ಬರೆಯಿರಿ

ಈಗ ಗುರುತು ಹಾಕಿದ ವಯಸ್ಸಿಗೆ ಎರಡು ಪುಟದ ಒಂದು ದೃಶ್ಯ. ಆರಂಭದ ದೃಶ್ಯ ಬೇಡ, ಮಧ್ಯದ್ದು ಇರಲಿ. ಆರಂಭದಲ್ಲಿ ಎಲ್ಲರೂ ಮೈಯೆಲ್ಲ ಕಣ್ಣಾಗಿ ಬರೆಯುತ್ತಾರೆ, ನಿಜವಾದ ದನಿ ಹೊರಬರುವುದು ಮಧ್ಯದಲ್ಲಿ. ಬರೆದಾದ ಮೇಲೆ ‘ಮಕ್ಕಳೇ’, ‘ಪುಟಾಣಿಗಳೇ’ ಇದ್ದರೆ ತೆಗೆಯಿರಿ. ದೊಡ್ಡವರೊಬ್ಬರು ಕೂತು ಬುದ್ಧಿ ಹೇಳುವ ಪ್ಯಾರಾ ಇದ್ದರೆ ಅದನ್ನೂ ತೆಗೆಯಿರಿ. ಅದು ಹೋದ ಮೇಲೆ ದೃಶ್ಯವೇ ಉಳಿಯದಿದ್ದರೆ ಎರಡನೇ ಹಂತಕ್ಕೆ ವಾಪಸ್.

ಸಂಭಾಷಣೆಗೆ ಧಾರವಾಡದ್ದೋ ಕುಂದಾಪುರದ್ದೋ ಮಾತು ತರುವ ಆಸೆ ಇದ್ದರೆ ತನ್ನಿ. ಒಂಬತ್ತು ದಾಟಿದವರು ಖುಷಿಯಿಂದ ಓದುತ್ತಾರೆ. ಅದಕ್ಕಿಂತ ಚಿಕ್ಕವರಿಗೆ ಬರೆಯುವಾಗ ಒಂದೆರಡು ಪದಕ್ಕೆ ನಿಲ್ಲಿಸಿ. ಕಿವಿಯಲ್ಲಿ ಕೇಳಿದರೆ ಚೆಂದ, ಅಕ್ಷರ ಕೂಡಿಸಿ ಓದಲು ಕಷ್ಟ.

## ಹಂತ 6: ಮಕ್ಕಳ ಮುಂದೆ ಇಡಿ

ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯ ಒಳ್ಳೆಯ ಜಾಗ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಇಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ, ಹಾಗಾಗಿ ಶಾಲೆ ಬಿಟ್ಟ ಮೇಲೆ ಮಕ್ಕಳು ಸಿಗುವ ಸಾಧ್ಯತೆ ಜಾಸ್ತಿ. ಗ್ರಂಥಪಾಲಕರನ್ನು ಕೇಳಿ, ರೆಕಾರ್ಡ್ ಮಾಡುವುದಿದ್ದರೆ ಪೋಷಕರ ಒಪ್ಪಿಗೆಯನ್ನೂ ಪಡೆದು ಹೋಗಿ.

ಚಿಕ್ಕವರಿಗೆ ನೀವೇ ಓದಿ ಹೇಳಿ. ಎಂಟು ದಾಟಿದವರ ಕೈಗೆ ಹಾಳೆ ಕೊಟ್ಟು ಅವರಿಂದಲೇ ಗಟ್ಟಿಯಾಗಿ ಓದಿಸಿ. ಹದಿಹರೆಯದವರಿಗೆ ಹಾಳೆ ಕೊಟ್ಟು ಸುಮ್ನೆ ಆಚೆ ಹೋಗಿ, ಎದುರು ಕೂತರೆ ಅವರು ಓದುವುದಿಲ್ಲ. ‘ಇಷ್ಟ ಆಯ್ತಾ?’ ಎಂದು ಯಾರನ್ನೂ ಕೇಳಬೇಡಿ. ಕೇಳಬೇಕಾದ್ದು ‘ಮುಂದೇನಾಗುತ್ತೆ?’ ಮತ್ತು ‘ಈ ಹುಡುಗಿ ಎಷ್ಟನೇ ಕ್ಲಾಸು?’

ಎರಡನೇ ಪ್ರಶ್ನೆಗೆ ಬರುವ ಉತ್ತರ ಚಿನ್ನ. ನೀವು ನಾಲ್ಕನೇ ಕ್ಲಾಸು ಅಂದುಕೊಂಡಿದ್ದೀರಿ, ಅವರು ಎಂಟನೇ ಕ್ಲಾಸು ಅಂದರು ಅಂದ್ರೆ ನಿಮ್ಮ ಪಾತ್ರ ವಯಸ್ಸಿಗೆ ಮೀರಿ ಮಾತಾಡುತ್ತಿದೆ. ಓದುತ್ತಾ ಒಂದೇ ಜಾಗದಲ್ಲಿ ಇಬ್ಬರು ಮೂವರು ತಡವರಿಸಿದರೆ ಅಲ್ಲಿ ಅಕ್ಷರದ ವಯಸ್ಸು ತಪ್ಪಿದೆ. ತಡವರಿಸದೆ ಸರಾಗವಾಗಿ ಓದಿ, ಮುಂದೇನು ಎಂದರೆ ಭುಜ ಕುಣಿಸಿದರೆ ಕಥೆಯ ವಯಸ್ಸೇ ತಪ್ಪಿದೆ. ಮೊದಲನೆಯದನ್ನು ಪದ ಬದಲಿಸಿ ಸರಿಮಾಡಬಹುದು. ಎರಡನೆಯದಕ್ಕೆ ಗಂಟನ್ನೇ ಬದಲಿಸಬೇಕು.

## ಹಂತ 7: ಬಾಗಿಲು ಯಾವುದು ನೋಡಿಕೊಳ್ಳಿ

ಇದನ್ನು ಕೊನೆಗೆ ಇಟ್ಟದ್ದು ಬೇಕೆಂದೇ. ಮಾರುಕಟ್ಟೆ ನೋಡಿ ವಯಸ್ಸು ಆರಿಸಿದರೆ ಕಥೆ ಸೊರಗುತ್ತದೆ. ಆದರೆ ಪೂರ್ತಿ ಬರೆಯುವ ಮುಂಚೆ ಒಮ್ಮೆ ನೋಡುವುದು ಒಳ್ಳೆಯದು.

ಚಿತ್ರಪುಸ್ತಕಕ್ಕೆ ಪ್ರಥಮ್ ಬುಕ್ಸ್, ತೂಲಿಕಾ, ನ್ಯಾಷನಲ್ ಬುಕ್ ಟ್ರಸ್ಟ್ ಕನ್ನಡದಲ್ಲಿ ಪ್ರಕಟಿಸುತ್ತವೆ. ನವಕರ್ನಾಟಕದಂಥ ಪ್ರಕಾಶನಗಳು ಮಕ್ಕಳ ಪುಸ್ತಕಗಳನ್ನು ತರುತ್ತಲೇ ಇವೆ. ಕಳಿಸುವ ಮೊದಲು ಅವರ ಇತ್ತೀಚಿನ ನಾಲ್ಕೈದು ಪುಸ್ತಕ ಕೊಂಡು ಓದಿ. ಸ್ಟೋರಿವೀವರ್‌ನಲ್ಲಿ ನೀವೇ ಕಥೆ ಹಾಕಬಹುದು, ಆದರೆ ಅಲ್ಲಿರುವುದು ಮುಕ್ತ ಪರವಾನಗಿ. ಯಾರು ಬೇಕಾದರೂ ನಿಮ್ಮ ಹೆಸರು ಹೇಳಿ ಅದನ್ನು ಅನುವಾದಿಸಬಹುದು, ಬದಲಿಸಬಹುದು. ಪುಸ್ತಕ ಮಾಡುವ ಯೋಚನೆ ಇದ್ದರೆ ಮೊದಲೇ ಅಲ್ಲಿ ಹಾಕಿಬಿಡಬೇಡಿ.

ಪ್ರಶಸ್ತಿಗಳ ವಿಷಯದಲ್ಲೂ ಒಂದು ಗೊಂದಲ ಇದೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಮಕ್ಕಳ ಪುಸ್ತಕಗಳಿಗೆ. ಯುವ ಪುರಸ್ಕಾರ ಹದಿಹರೆಯದವರ ಪುಸ್ತಕಕ್ಕಲ್ಲ, 35 ದಾಟದ ಲೇಖಕರಿಗೆ. ಅಲ್ಲಿ ನೋಡುವುದು ಓದುಗರ ವಯಸ್ಸಲ್ಲ, ನಿಮ್ಮದು.

## ವಯಸ್ಸು ತಪ್ಪಿದೆ ಎಂದು ಹೇಳುವ ಗುರುತುಗಳು

ಬರೆಯುತ್ತಾ ಹೋದಂತೆ ನಾಯಕನ ಅಪ್ಪನೋ ಅಮ್ಮನೋ ಪುಟ ಪುಟವೂ ಬರತೊಡಗಿದರೆ ನಿಮ್ಮ ಮನಸ್ಸು ದೊಡ್ಡವರ ಕಥೆಯಲ್ಲಿದೆ. ಪ್ರತಿ ಪುಟಕ್ಕೂ ಅರ್ಥ ವಿವರಿಸುವ ಸಾಲು ಬೇಕಾಗುತ್ತಿದ್ದರೆ ಓದುಗರ ವಯಸ್ಸನ್ನು ತೀರ ಕೆಳಗಿಟ್ಟಿದ್ದೀರಿ. ‘ಇದನ್ನು ಹೇಳಬಹುದೋ ಬಾರದೋ’ ಎಂದು ಪದೇ ಪದೇ ಕೈ ತಡೆಯುತ್ತಿದ್ದರೂ ಅಷ್ಟೇ. ಎರಡು ಮೂರು ವರ್ಷ ಮೇಲಕ್ಕೆ ಏರಿಸಿ ನೋಡಿ.

ಮೂರನೇ ಒಂದು ಭಾಗ ಬರೆಯುವುದರೊಳಗೆ ಈ ಗುರುತು ಕಂಡರೆ ವಯಸ್ಸು ಬದಲಿಸಿ, ಮೊದಲಿಂದ ಬರೆಯಿರಿ. ಅರ್ಧ ದಾಟಿದ್ದರೆ ನಿಲ್ಲಿಸಬೇಡಿ. ಹೊಸ ವಯಸ್ಸಿಗೆ ಬರೆಯುತ್ತಿದ್ದೇನೆ ಎಂದುಕೊಂಡು ಉಳಿದದ್ದನ್ನು ಮುಗಿಸಿ, ಆಮೇಲೆ ಮೊದಲರ್ಧವನ್ನು ತಿದ್ದಿ. ತಿದ್ದುವಾಗ ಹಳೆಯ ಫೈಲು ತೆರೆದಿಟ್ಟುಕೊಳ್ಳಬೇಡಿ, ಆ ವಾಕ್ಯಗಳು ಹಳೆಯ ವಯಸ್ಸಿಗೇ ಎಳೆದುಕೊಂಡು ಹೋಗುತ್ತವೆ.